ಮಿಲಿಟರಿಯಲ್ಲಿದ್ದ ಹಿರಿಯರ ಜೊತೆ ಕೊಡಗಿನಲ್ಲಿ ಒಂದು ದಿನ: ಯಾವ ಸ್ಮಾರಕ ಯಾರಿಗೆ?

"ಅಪ್ಪ ಮಿಲಿಟರಿಯಲ್ಲಿ ಇದ್ದವರು. ಮಡಿಕೇರಿಗೆ ಕರ್ಕೊಂಡು ಬರ್ತಾ ಇದ್ದೀವಿ. ರಾಜಾಸೀಟು, ಅಬ್ಬಿ ಫಾಲ್ಸ್ ಬಿಟ್ಟು ಅವರಿಗೆ ಅಂತ ಏನು ತೋರಿಸಬಹುದು?" ವರ್ಷಕ್ಕೆ ಎರಡು ಮೂರು ಸಲ ಯಾರಾದರೂ ನೆಂಟರು ಫೋನ್ ಮಾಡಿ ಇದನ್ನು ಕೇಳುತ್ತಾರೆ. ನಾನು ಕುಶಾಲನಗರದ ಹತ್ತಿರದ ಹಳ್ಳಿಯವಳು. ನಮ್ಮ ದೊಡ್ಡಪ್ಪ ಸೇನೆಯಲ್ಲಿ ಸಂಪರ್ಕದ ಕೆಲಸ ನೋಡುವ ಸಿಗ್ನಲ್ಸ್ ವಿಭಾಗದಲ್ಲಿದ್ದರು. 1971ರ ಯುದ್ಧ ಕಂಡವರು. ಹವಾಲ್ದಾರ್ ಆಗಿ ಪೆನ್ಷನ್ ಮೇಲೆ ಬಂದು ಕಾಫಿ ತೋಟ ನೋಡಿಕೊಂಡಿದ್ದಾರೆ. ಅವರನ್ನು ಕರೆದುಕೊಂಡು ಕೊಡಗಿನ ಸ್ಮಾರಕಗಳನ್ನೆಲ್ಲ ಒಂದೊಂದಾಗಿ ಸುತ್ತಿದ್ದೇನೆ. ಕೆಲವಕ್ಕೆ ಎರಡೆರಡು ಸಲ ಹೋಗಿದ್ದೇವೆ. ಎಲ್ಲಿ ಅವರು ಮಾತಾಡಿದರು, ಎಲ್ಲಿ ಸುಮ್ಮನಾದರು, ಎಲ್ಲಿ "ಸಾಕು, ಮನೆಗೆ ಹೋಗೋಣ" ಅಂದರು ಅನ್ನೋದು ನನಗೆ ಗೊತ್ತು. ಅದರ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಯಾವ ಜಾಗ ದೊಡ್ಡದು, ಯಾವುದು ಚಂದ ಅಂತ ನೋಡಿ ಆರಿಸಬೇಡಿ. ನಿಮ್ಮ ಜೊತೆ ಬರುತ್ತಿರುವವರು ಯಾರು ಅಂತ ನೋಡಿ. ಅವರ ವಯಸ್ಸೆಷ್ಟು, ಮಂಡಿ ಹೇಗಿದೆ, ಅವರಿಗೆ ನೋಡುವ ಆಸೆಯೋ ಹೇಳಿಕೊಳ್ಳುವ ಆಸೆಯೋ ಅಂತ ಯೋಚಿಸಿ. ಅದು ತಿಳಿದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ದಿನ ಗೊತ್ತು ಮಾಡಿ

ಜಾಗಕ್ಕಿಂತ ಮುಂಚೆ ದಿನದ ಮಾತು. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಮೊದಲ ಸಲ ದೊಡ್ಡಪ್ಪನನ್ನು ಒಂದು ಗೌರವ ಸಮರ್ಪಣೆ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಐದಕ್ಕೇ ಎದ್ದು, ಕೋಟಿಗೆ ಪದಕಗಳನ್ನು ಸಿಕ್ಕಿಸಿಕೊಂಡು, ಶೂಗೆ ತಾವೇ ಪಾಲಿಶ್ ಹಾಕಿಕೊಂಡು ಕೂತಿದ್ದರು. ಕಾರ್ಯಕ್ರಮ ಒಂಬತ್ತಕ್ಕೆ ಅಂದಿದ್ದರು. ಅತಿಥಿಗಳು ಬಂದಿದ್ದು ಹನ್ನೊಂದಕ್ಕೆ. ಕುರ್ಚಿ ಇದ್ದದ್ದು ವೇದಿಕೆಯ ಕಡೆಯವರಿಗೆ. ಎಪ್ಪತ್ತು ದಾಟಿದ ಐದಾರು ಮಂದಿ ಮಾಜಿ ಸೈನಿಕರು ಬಿಸಿಲಿನಲ್ಲಿ ನೆಟ್ಟಗೆ ನಿಂತೇ ಇದ್ದರು. ಯಾರೂ ದೂರು ಹೇಳಲಿಲ್ಲ. ಅವರು ಹೇಳುವವರೂ ಅಲ್ಲ. ವಾಪಸ್ ಬರುವಾಗ ಕಾರಿನಲ್ಲಿ ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಪದಕಗಳನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಆಮೇಲೆ ಎರಡು ವರ್ಷ ಎಲ್ಲಿಗೆ ಕರೆದರೂ ಬರಲಿಲ್ಲ. ಆ ದಿನ ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಎಲ್ಲ ಕಾರ್ಯಕ್ರಮಗಳೂ ಹಾಗಿರುವುದಿಲ್ಲ. ಚೆನ್ನಾಗಿ ನಡೆದದ್ದನ್ನೂ ನೋಡಿದ್ದೇನೆ. ಹೂಗುಚ್ಛ ಇಟ್ಟು, ಬ್ಯೂಗಲ್ ಊದಿ, ಎರಡು ನಿಮಿಷ ಎಲ್ಲರೂ ಮೌನವಾಗಿ ನಿಂತಾಗ ಆಗುವ ಅನುಭವ ಬೇರೆ ದಿನ ಹೋದರೆ ಸಿಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಆ ದಿನ ಹಳೆಯ ಜೊತೆಗಾರರು ಸಿಗುತ್ತಾರೆ. ಮೂವತ್ತು ವರ್ಷದಿಂದ ನೋಡದವರು ಎದುರಿಗೆ ಬಂದು "ಯಾವ ಯೂನಿಟ್?" ಅಂತ ಕೇಳಿದರೆ ಸಾಕು, ಆಮೇಲೆ ಅವರನ್ನು ಬೇರೆ ಮಾಡುವುದೇ ಕಷ್ಟ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಅರವತ್ತರ ಆಸುಪಾಸಿನವರು, ಗಟ್ಟಿಯಾಗಿದ್ದಾರೆ, ಗೆಳೆಯರು ಬರುತ್ತಾರೆ ಅಂದರೆ ಸಮಾರಂಭದ ದಿನವೇ ಹೋಗಿ. ಎಪ್ಪತ್ತೈದು ದಾಟಿದ್ದರೆ ಸಾಮಾನ್ಯ ದಿನ ಆರಿಸಿ. ಶನಿವಾರ, ಭಾನುವಾರ ಬೇಡ, ಮಡಿಕೇರಿ ಪೂರ್ತಿ ಪ್ರವಾಸಿಗರ ಕಾರು. ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಅದೂ ಬೇಡ. ಮಂಗಳವಾರದಿಂದ ಗುರುವಾರದವರೆಗೆ ಒಳ್ಳೆಯದು. ಸಮಾರಂಭಕ್ಕೇ ಹೋಗುವುದಾದರೆ ಒಂದು ಮಡಚುವ ಕುರ್ಚಿ ಡಿಕ್ಕಿಯಲ್ಲಿಟ್ಟುಕೊಳ್ಳಿ. ಯಾರು ಏನಾದರೂ ಅಂದುಕೊಳ್ಳಲಿ.

ದಿನಗಳು ಬೇಕಾದವರಿಗೆ ಹೇಳುತ್ತೇನೆ. ಜನವರಿ 15 ಸೇನಾ ದಿನ. ಜನವರಿ 28 ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ದಿನ. ಮಾರ್ಚ್ 31 ಜನರಲ್ ತಿಮ್ಮಯ್ಯನವರದು. ಜುಲೈ 26 ಕಾರ್ಗಿಲ್ ವಿಜಯ ದಿನ. ಸೆಪ್ಟೆಂಬರ್ 7 ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ದೇವಯ್ಯನವರು ಮಡಿದ ದಿನ. ಡಿಸೆಂಬರ್ 16 ವಿಜಯ ದಿವಸ, 1971ರವರಿಗೆ ಬಹಳ ಹತ್ತಿರದ್ದು. ಇವುಗಳಲ್ಲಿ ಜುಲೈ 26ಕ್ಕೆ ಮಡಿಕೇರಿಯಲ್ಲಿ ಮಳೆ ಹೇಗಿರುತ್ತದೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬರುವವರು ಡಿಸೆಂಬರ್, ಜನವರಿ ನೋಡಿಕೊಳ್ಳಿ. ಬೆಳಗಿನ ಮಂಜು ಹತ್ತು ಗಂಟೆಗೆ ಸರಿದು ಹೋಗುತ್ತದೆ, ಮಧ್ಯಾಹ್ನ ಹಿತವಾದ ಬಿಸಿಲು.

ಸನ್ನಿಸೈಡ್: ಒಂದೇ ಜಾಗ ಅಂದರೆ ಇದು

ಒಂದೇ ಜಾಗ ನೋಡಲು ಸಮಯ ಇದೆ ಅನ್ನುವವರಿಗೆ ನಾನು ಯೋಚನೆ ಮಾಡದೆ ಹೇಳುವ ಹೆಸರು ಸನ್ನಿಸೈಡ್. ಜನರಲ್ ಕೆ.ಎಸ್. ತಿಮ್ಮಯ್ಯ ಬೆಳೆದ ಮನೆ. ಮಡಿಕೇರಿ ಪಟ್ಟಣದಲ್ಲೇ ಇದೆ. ಬಹಳ ವರ್ಷ ಇದರಲ್ಲಿ ಆರ್‌ಟಿಒ ಆಫೀಸು ಇತ್ತು. ನಾನು ಲೈಸೆನ್ಸ್ ಮಾಡಿಸಿದ್ದೇ ಇಲ್ಲಿ. ಆಗ ಇದು ಯಾರ ಮನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದರು. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟನೆ ಮಾಡಿದರು.

ಇದು ಮನೆ ಅನ್ನುವುದೇ ಇದರ ದೊಡ್ಡ ಗುಣ. ಹಳೆಯ ಹೆಂಚಿನ ಮನೆ, ಕೋಣೆಯಿಂದ ಕೋಣೆಗೆ ನಡೆದರೆ ಒಬ್ಬ ಹುಡುಗ ಹೇಗೆ ಜನರಲ್ ಆದ ಅಂತ ಕಾಣುತ್ತಾ ಹೋಗುತ್ತದೆ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ 1926ರಲ್ಲಿ ಸೇನೆಯ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಒಂದು ಬ್ರಿಗೇಡನ್ನೇ ಯುದ್ಧಕ್ಕೆ ನಡೆಸಿದರು. ಭಾರತೀಯ ಅಧಿಕಾರಿಯೊಬ್ಬರಿಗೆ ಅಂಥ ಹೊಣೆ ಸಿಕ್ಕಿದ್ದು ಅದೇ ಮೊದಲು. 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದರು.

ಮಕ್ಕಳನ್ನು ಕರೆದುಕೊಂಡು ಹೋದರೆ ಜೋಜಿಲಾದ ಕತೆಯನ್ನು ಮನೆಯಲ್ಲೇ ಹೇಳಿ ಹೊರಡಿ. 1948ರ ನವೆಂಬರ್ 1. ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಕಣಿವೆ ದಾರಿ, ಎತ್ತರ ಹನ್ನೊಂದು ಸಾವಿರ ಅಡಿ ದಾಟುತ್ತದೆ. ಅಂಥ ಎತ್ತರಕ್ಕೆ ಟ್ಯಾಂಕ್ ಬರಬಹುದು ಅಂತ ಪಾಕಿಸ್ತಾನದ ಕಡೆಯವರು ಕನಸಲ್ಲೂ ಎಣಿಸಿರಲಿಲ್ಲ. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರು ಕೆಳಗಿನಿಂದ ದಾರಿ ಕಡಿದು ಮಾಡಿಕೊಟ್ಟರು. ಟ್ಯಾಂಕ್‌ಗಳನ್ನು ಗುಟ್ಟಾಗಿ ಸಾಗಿಸಿದರು. ಹಿಮ ಬೀಳುತ್ತಿರುವಾಗಲೇ ಅವು ಮೇಲೆ ಹತ್ತಿದವು. ಆ ಡಿವಿಷನ್ನಿನ ಮುಖ್ಯಸ್ಥರಾಗಿದ್ದ ತಿಮ್ಮಯ್ಯ ಎಲ್ಲೋ ಹಿಂದೆ ಮ್ಯಾಪ್ ಹಿಡಿದು ಕೂತಿರಲಿಲ್ಲ. ಮುಂದಿನ ಟ್ಯಾಂಕ್‌ನಲ್ಲೇ ಇದ್ದರು. ಈ ಕತೆ ಗೊತ್ತಿದ್ದರೆ ಗೋಡೆಯ ಮೇಲಿನ ಫೋಟೋಗಳಿಗೆ ಜೀವ ಬರುತ್ತದೆ. ಇಲ್ಲದಿದ್ದರೆ ಮಕ್ಕಳು ಹತ್ತು ನಿಮಿಷಕ್ಕೆ ಹೊರಗೆ ಓಡಿ ಹೋಗುತ್ತಾರೆ.

ಯುದ್ಧಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ಅವರ ಕೊರಿಯಾ, ಸೈಪ್ರಸ್ ಭಾಗ. ಕೊರಿಯಾ ಯುದ್ಧ ನಿಂತ ಮೇಲೆ ಊರಿಗೆ ಮರಳಲು ಒಪ್ಪದ ಸುಮಾರು 22 ಸಾವಿರ ಕೈದಿಗಳಿದ್ದರು. ಅವರ ಹಣೆಬರಹ ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ಮಡಿಕೇರಿಯ ಈ ಮನೆಯ ಹುಡುಗ. ನಿವೃತ್ತಿಯಾದ ಮೇಲೆ 1964ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಹೆಸರಲ್ಲಿ ಅಂಚೆ ಚೀಟಿ ತಂದಿತು. ಬೇರೆ ದೇಶದ ಜನ ನಮ್ಮವರೊಬ್ಬರನ್ನು ಹಾಗೆ ನೆನೆಯುತ್ತಾರೆ ಅಂದರೆ ಸಣ್ಣ ಮಾತಲ್ಲ.

ಇನ್ನು ಹೊರಗಿನ ಅಂಗಳ. ಅಲ್ಲಿ ಯುದ್ಧ ಸ್ಮಾರಕ ಇದೆ, ಒಂದು ಹಳೆಯ ಟ್ಯಾಂಕ್ ಇದೆ, ಮಿಗ್ ವಿಮಾನ ಇದೆ. ಮಕ್ಕಳು ಫೋಟೋ ತೆಗೆಸಿಕೊಳ್ಳುವ ಜಾಗ ಅಂತ ನಾನು ಅಂದುಕೊಂಡಿದ್ದೆ. ಆದರೆ ಎರಡು ವರ್ಷ ಬಿಟ್ಟು ಬಂದ ದೊಡ್ಡಪ್ಪ ಅರ್ಧ ಗಂಟೆ ನಿಂತದ್ದು ಅಲ್ಲೇ. ಟ್ಯಾಂಕಿನ ಚೈನನ್ನು ಕೈಯಿಂದ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ಶುರು ಮಾಡಿದರು.

"ಇದು ಹೋದ ದಾರೀಲಿ ನಮ್ಮ ತಂತಿ ಉಳೀತಾ ಇರ್ಲಿಲ್ಲ ಮಗಾ. ರಾತ್ರಿಯೆಲ್ಲ ಟೆಲಿಫೋನ್ ತಂತಿ ಎಳೀತಿದ್ವಿ. ಬೆಳಗಾಗೋದ್ರೊಳಗೆ ನಮ್ಮ ಟ್ಯಾಂಕುಗಳೇ ತುಳಿದು ತುಂಡು ಮಾಡಿ ಹೋಗ್ತಿದ್ವು. ಮತ್ತೆ ಕತ್ತಲಲ್ಲಿ ಕೈಯಾಡಿಸಿ ತುಂಡಾದ ಜಾಗ ಹುಡುಕ್ಬೇಕು. ಲೈಟ್ ಹಾಕಂಗಿಲ್ಲ."

ನನಗೆ ನಲವತ್ತೆರಡು ವರ್ಷ. ಅಷ್ಟು ವರ್ಷದಲ್ಲಿ ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಕೂತು "ಯುದ್ಧದ ಕತೆ ಹೇಳಿ ದೊಡ್ಡಪ್ಪ" ಅಂದರೆ "ಏನಿದೆ ಹೇಳೋಕೆ" ಅಂತ ಎದ್ದು ಹೋಗುತ್ತಿದ್ದರು. ಅವರಿಗೆ ಕೈಯಲ್ಲಿ ಮುಟ್ಟಿ ನೋಡಲು ಏನೋ ಒಂದು ಬೇಕಿತ್ತು ಅಂತ ಕಾಣುತ್ತದೆ.

ಅದಕ್ಕೇ ಹೇಳುವುದು, ಸನ್ನಿಸೈಡಿನಲ್ಲಿ ಒಳಗಿನ ಕೋಣೆಗಳನ್ನು ಬೇಗ ಮುಗಿಸಿದರೂ ಪರವಾಗಿಲ್ಲ, ಅಂಗಳಕ್ಕೆ ಸಮಯ ಉಳಿಸಿಕೊಳ್ಳಿ. ಎರಡು ಗಂಟೆ ಇಟ್ಟುಕೊಳ್ಳಿ. ಕೈಗೆ ಊರುಗೋಲು ಇರಲಿ, ಮಡಿಕೇರಿಯಲ್ಲಿ ಎಲ್ಲಿ ಹೋದರೂ ಏರು ಇಳಿಜಾರು ಇದ್ದದ್ದೇ.

ಸನ್ನಿಸೈಡ್ ಜೊತೆ ಜನ ಕೇಳುವ ಇನ್ನೊಂದು ಹೆಸರು ರೋಶನಾರಾ. ಅದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮನೆ, ಅದೂ ಮಡಿಕೇರಿಯಲ್ಲೇ. ಎರಡರಲ್ಲಿ ಯಾವುದು ಅಂತ ಆರಿಸುವ ಪ್ರಶ್ನೆಯೇ ಇಲ್ಲ. ರೋಶನಾರಾ ಮ್ಯೂಸಿಯಂ ಅಲ್ಲ, ಕುಟುಂಬದ ಮನೆ. ಗೇಟಿನ ಮುಂದೆ ಕಾರು ನಿಲ್ಲಿಸಿ ಒಳಗೆ ಇಣುಕುವವರನ್ನು ನೋಡಿದ್ದೇನೆ, ಅದು ತಪ್ಪು. ಕಾರ್ಯಪ್ಪನವರಿಗೆ ನಮಸ್ಕಾರ ಹೇಳಬೇಕು ಅಂದರೆ ಪಟ್ಟಣದಲ್ಲಿ ಅವರ ಪ್ರತಿಮೆ ಇದೆ.

ವೃತ್ತಗಳಲ್ಲಿ ನಿಂತವರು

ಮಡಿಕೇರಿಯ ರಸ್ತೆ ಕೂಡುವ ಕಡೆಗಳಲ್ಲೆಲ್ಲ ಒಬ್ಬೊಬ್ಬ ಸೈನಿಕ ನಿಂತಿದ್ದಾರೆ. ಸುದರ್ಶನ ವೃತ್ತದಲ್ಲಿ ಕಾರ್ಯಪ್ಪ. ಜನರಲ್ ತಿಮ್ಮಯ್ಯ ವೃತ್ತದಲ್ಲಿ ತಿಮ್ಮಯ್ಯ. ಬಸ್ ನಿಲ್ದಾಣದ ಕಡೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಕಾಶ್ಮೀರದಲ್ಲಿ ಉಗ್ರರ ಜೊತೆ ಹೋರಾಡಿ ಮಡಿದ ಮೇಜರ್ ಮಂಗೇರಿರ ಮುತ್ತಣ್ಣ ಅವರ ಪ್ರತಿಮೆಯೂ ಇದೆ. ದುಡ್ಡು ಬೇಡ, ಟಿಕೆಟ್ ಬೇಡ, ಯಾವ ಹೊತ್ತಿಗೂ ನೋಡಬಹುದು.

ಸನ್ನಿಸೈಡಿಗೆ ಹೋಲಿಸಿದರೆ ಇಲ್ಲಿ ಒಂದು ತೊಂದರೆ ಇದೆ. ಇವು ನಿಲ್ಲುವ ಜಾಗಗಳಲ್ಲ. ನಾಲ್ಕು ಕಡೆಯಿಂದ ವಾಹನ ನುಗ್ಗುತ್ತಿರುತ್ತವೆ. 2023ರ ಆಗಸ್ಟ್‌ನಲ್ಲಿ ತಿಮ್ಮಯ್ಯನವರ ಪ್ರತಿಮೆಗೇ ಬಸ್ ಡಿಕ್ಕಿ ಹೊಡೆದು ಅದು ಕೆಳಗೆ ಬಿದ್ದಿತ್ತು. ಸುದ್ದಿ ಕೇಳಿ ಊರಿಗೆ ಊರೇ ಮರುಗಿತು. ಸರಿ ಮಾಡಿಸಿ ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರು. ಅಂಥ ಕಡೆ ಊರುಗೋಲು ಹಿಡಿದವರನ್ನು ರಸ್ತೆ ದಾಟಿಸುವುದು ಬೇಡ. ಬೆಳಿಗ್ಗೆ ಏಳರೊಳಗೆ ಹೋದರೆ ಮಾತ್ರ ನೆಮ್ಮದಿ. ಆಗ ಪಟ್ಟಣ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಕಾಲೇಜು ಮಕ್ಕಳಿಗೆ, ನಡೆಯಲು ಇಷ್ಟಪಡುವವರಿಗೆ ಇದು ಚೆನ್ನ. ಎಲ್ಲವನ್ನೂ ನಡೆದೇ ಮುಗಿಸಬಹುದು.

ಒಂದೇ ಪ್ರತಿಮೆಯ ಮುಂದೆ ನಿಲ್ಲಿ ಅಂದರೆ ನಾನು ದೇವಯ್ಯನವರ ಮುಂದೆ ನಿಲ್ಲುತ್ತೇನೆ. 1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ವಿಮಾನಗಳು ಹೊರಟಿದ್ದವು. ದೇವಯ್ಯ ಹೋಗಬೇಕಾದವರ ಪಟ್ಟಿಯಲ್ಲೇ ಇರಲಿಲ್ಲ, ಯಾರಾದರೂ ಹಿಂದೆ ಬಿದ್ದರೆ ಹೋಗಲಿ ಅಂತ ಇಟ್ಟುಕೊಂಡಿದ್ದ ಹೆಚ್ಚುವರಿ ಪೈಲಟ್. ಒಂದು ವಿಮಾನ ಹಿಂದೆ ಬಿತ್ತು, ಇವರು ಸೇರಿಕೊಂಡರು. ಇವರದು ಮಿಸ್ಟೇರ್ ವಿಮಾನ. ಎದುರು ಬಂದದ್ದು ಸ್ಟಾರ್‌ಫೈಟರ್, ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಓಡಿ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಏಟು ತಿಂದ ವಿಮಾನದಲ್ಲೇ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅದರ ಪೈಲಟ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ವಾಪಸ್ ಬರಲಿಲ್ಲ.

ಏನಾಯಿತು ಅಂತ ನಮ್ಮ ಕಡೆ ಯಾರಿಗೂ ಗೊತ್ತಾಗಲಿಲ್ಲ. ಬಹಳ ವರ್ಷಗಳ ಮೇಲೆ, ಪಾಕಿಸ್ತಾನದ ವಾಯುಪಡೆಯ ಬಗ್ಗೆ ಹೊರದೇಶದವರೊಬ್ಬರು ಬರೆದ ಪುಸ್ತಕದಿಂದ ವಿಷಯ ಬೆಳಕಿಗೆ ಬಂತು. 1988ರಲ್ಲಿ, ಅಂದರೆ 23 ವರ್ಷ ಕಳೆದ ಮೇಲೆ, ಮಹಾವೀರ ಚಕ್ರ ಕೊಟ್ಟರು. ಅಷ್ಟು ವರ್ಷ ಅವರ ಹೆಂಡತಿ, ಮಕ್ಕಳು ಏನೂ ತಿಳಿಯದೆ ಹೇಗೆ ಇದ್ದರೋ. ಪ್ರತಿಮೆಯ ಮುಂದೆ ನಿಂತರೆ ನನಗೆ ಮೊದಲು ಬರುವುದು ಆ ಯೋಚನೆ.

ಕಾರ್ಯಪ್ಪನವರ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಅವರು 1949ರ ಜನವರಿ 15ರಂದು ಬ್ರಿಟಿಷ್ ಜನರಲ್‌ನಿಂದ ಸೇನೆಯ ಹೊಣೆ ತೆಗೆದುಕೊಂಡ ಮೊದಲ ಭಾರತೀಯ ಅನ್ನುವುದು. ಅದಕ್ಕೇ ಆ ದಿನ ಸೇನಾ ದಿನ. ನಮ್ಮ ಸೇನೆಯಲ್ಲಿ ಫೀಲ್ಡ್ ಮಾರ್ಷಲ್ ಆದವರು ಇಬ್ಬರೇ, ಅವರಲ್ಲಿ ಒಬ್ಬರು ಇವರು. ಆ ಪದವಿ ಬಂದಾಗ ಅವರಿಗೆ 87 ವರ್ಷ. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಕೊಡಂದೇರ ಎಂಬ ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು ಅನ್ನುವುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಮಾಜಿ ಸೈನಿಕರು ಅವರನ್ನು ನೆನೆಯುವುದಕ್ಕೆ ಇನ್ನೊಂದು ಕಾರಣ ಇದೆ. ಪೆನ್ಷನ್ ಮೇಲೆ ಬಂದ ಜವಾನರನ್ನು ಕೇಳುವವರಿಲ್ಲ ಅಂತ ಅವರಿಗಾಗಿ 1964ರಲ್ಲಿ ದೇಶಮಟ್ಟದ ಮಾಜಿ ಸೈನಿಕರ ಸಂಘ ಕಟ್ಟಿದವರು ಅವರು. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಬಿಡುಗಡೆ ಮಾಡುತ್ತೇವೆ ಅಂತ ಆ ಕಡೆಯಿಂದ ಮಾತು ಬಂದಾಗ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ಬೇಡ ಅಂದರು. ದೊಡ್ಡಪ್ಪ ಈ ಕತೆಯನ್ನು ನನಗೆ ನೂರು ಸಲ ಹೇಳಿದ್ದಾರೆ. ಆ ವೃತ್ತ ದಾಟುವಾಗ ಕಾರಿನೊಳಗಿಂದಲೇ ಒಂದು ಸೆಲ್ಯೂಟ್ ಹೊಡೆಯುತ್ತಾರೆ. ಅವರಿಗೆ ಅಷ್ಟು ಸಾಕು.

ಕೋಟೆ, ಗದ್ದಿಗೆ: ಇನ್ನೂರು ವರ್ಷ ಹಿಂದಿನ ಸೈನಿಕರು

ಇವೆರಡನ್ನೂ ಜನ ಪ್ರವಾಸಿ ಜಾಗ ಅಂತ ನೋಡಿ ಹೋಗುತ್ತಾರೆ. ಇವೂ ಸೈನಿಕರ ಸ್ಮಾರಕವೇ ಅಂತ ನಾನು ಹೇಳುತ್ತೇನೆ.

ಮಡಿಕೇರಿ ಕೋಟೆಯನ್ನು ಮೊದಲು ಕಟ್ಟಿಸಿದವನು ಮುದ್ದುರಾಜ. ಆಮೇಲೆ ಟಿಪ್ಪು, ಆಮೇಲೆ ಕೊಡಗಿನ ಅರಸರು, 1834ರಲ್ಲಿ ಬ್ರಿಟಿಷರು. ಒಳಗೆ ಎರಡು ಗಾರೆ ಆನೆ, ಅರಮನೆ, ಹಳೆಯ ಚರ್ಚಿನಲ್ಲಿ ಮ್ಯೂಸಿಯಂ. ಇದೆಲ್ಲ ಬೋರ್ಡಿನಲ್ಲಿದೆ. ಆದರೆ ಇಲ್ಲಿ ನೆನೆಯಬೇಕಾದವರು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯಗೌಡರು. 1857ಕ್ಕಿಂತ 20 ವರ್ಷ ಮೊದಲೇ ಅಮರ ಸುಳ್ಯದ ರೈತರು ಬ್ರಿಟಿಷರ ವಿರುದ್ಧ ಎದ್ದಿದ್ದರು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು ಇವರು. 1837ರ ಅಕ್ಟೋಬರ್ 31ರಂದು ಅವರನ್ನು ಇದೇ ಕೋಟೆಯ ಬಳಿ, ಮನೆಯವರ ಕಣ್ಣೆದುರೇ ಗಲ್ಲಿಗೇರಿಸಿದರು. ಪಟ್ಟಣದಲ್ಲಿ ಅವರ ಪ್ರತಿಮೆಯೂ ಇದೆ. ಆದರೆ ಅವರ ಕತೆ ಹೇಳಬೇಕಾದರೆ ನಾನು ಮಕ್ಕಳನ್ನು ಕೋಟೆಗೇ ಕರೆದುಕೊಂಡು ಹೋಗುತ್ತೇನೆ.

ಗದ್ದಿಗೆ ಇದಕ್ಕಿಂತ ಶಾಂತ. ಮಹದೇವಪೇಟೆ ಕಡೆಯ ಎತ್ತರದಲ್ಲಿ ಗುಮ್ಮಟಗಳ ಸಮಾಧಿಗಳು. ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರ ಇಲ್ಲಿ ಮಲಗಿದ್ದಾರೆ. ಬಂದವರು ಗುಮ್ಮಟದ ಫೋಟೋ ತೆಗೆದು ಹೊರಡುತ್ತಾರೆ. ಸ್ವಲ್ಪ ಈಚೆಗೆ ನೋಡಿ. ಇನ್ನೆರಡು ಸಮಾಧಿಗಳಿವೆ, ರಾಜರದ್ದಲ್ಲ. ಒಂದು ಬಿದ್ದಂಡ ಬೋಪು ಅವರದು, ಟಿಪ್ಪುವಿನ ಸೇನೆಯ ಎದುರು ಕಾದಾಡಿ ಸತ್ತವರು. ಇನ್ನೊಂದು ಅವರ ಮಗ ಬಿದ್ದಂಡ ಸೋಮಯ್ಯನವರದು. ಅರಸನ ಪಕ್ಕದಲ್ಲಿ ಸೇನಾನಿಗೂ ಜಾಗ ಕೊಟ್ಟಿದ್ದಾರೆ. ದೊಡ್ಡಪ್ಪನಿಗೆ ಇದು ಬಹಳ ಹಿಡಿಸಿತು. "ನಮ್ಮೋರನ್ನ ರಾಜನ ಹತ್ರಾನೇ ಇಟ್ಟವ್ರೆ" ಅಂತ ಎರಡು ಸಲ ಹೇಳಿದರು.

ಎರಡರಲ್ಲಿ ಒಂದು ಅಂದರೆ ವಯಸ್ಸಾದವರಿಗೆ ಗದ್ದಿಗೆ. ಹುಲ್ಲಿನ ಮೇಲೆ ಕೂರಬಹುದು, ಗಲಾಟೆ ಇಲ್ಲ. ಶಾಲೆಯ ಮಕ್ಕಳಿಗೆ ಕೋಟೆ, ಓಡಾಡಲು ಜಾಗ ಇದೆ. ಇತಿಹಾಸದ ಆಸಕ್ತಿ ಇಲ್ಲದವರಿಗೆ ಎರಡೂ ಬೇಡ, ಆ ಸಮಯವನ್ನೂ ಸನ್ನಿಸೈಡಿಗೇ ಕೊಡಿ.

ಮಡಿಕೇರಿ ಬಿಟ್ಟು

ದಕ್ಷಿಣ ಕೊಡಗಿಗೆ ಹೋಗುವವರು ಗೋಣಿಕೊಪ್ಪದ ಕಾವೇರಿ ಕಾಲೇಜಿನಲ್ಲಿ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಪ್ರತಿಮೆಗಳನ್ನು ಒಟ್ಟಿಗೆ ನೋಡಬಹುದು. 2017ರ ನವೆಂಬರ್‌ನಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಬಂದು ಅನಾವರಣ ಮಾಡಿದ್ದರು. ಕಾರ್ಯಪ್ಪನವರಿಗೆ ಭಾರತ ರತ್ನ ಸಿಗಬೇಕು ಅಂತ ಆ ದಿನ ಹೇಳಿದ್ದರು. ನಾಲ್ಕು ವರ್ಷದ ಮೇಲೆ ಕೂನೂರಿನ ಹತ್ತಿರ ಹೆಲಿಕಾಪ್ಟರ್ ಬಿದ್ದು ಅವರೂ ಹೋದರು. ಕಾಲೇಜು ಆವರಣ ಆದ್ದರಿಂದ ಗೇಟಿನಲ್ಲಿ ಕೇಳಿ ಒಳಗೆ ಹೋಗಿ. ಇದಕ್ಕಾಗಿಯೇ ಮಡಿಕೇರಿಯಿಂದ ಅಷ್ಟು ದೂರ ಹೋಗಬೇಕಾಗಿಲ್ಲ. ವಿರಾಜಪೇಟೆ, ನಾಗರಹೊಳೆ ಕಡೆ ಹೋಗುವ ದಾರಿಯಲ್ಲಿದ್ದರೆ ನಿಲ್ಲಿ.

ಉತ್ತರಕ್ಕೆ ಶನಿವಾರಸಂತೆ, ಕಾರ್ಯಪ್ಪ 1899ರಲ್ಲಿ ಹುಟ್ಟಿದ ಊರು. ನೋಡಲು ಅಂತ ಹೆಚ್ಚೇನಿಲ್ಲ, ಒಂದು ಸಂತೆಯ ಊರು. ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ 2007ರಲ್ಲಿ ಶುರುವಾದ ಸೈನಿಕ ಶಾಲೆ ಇದೆ. ಮೊಮ್ಮಕ್ಕಳಿಗೆ ಸೇನೆ ಸೇರುವ ಆಸೆ ಇದ್ದರೆ ಆ ದಾರಿಯಲ್ಲಿ ಹೋಗಿ ತೋರಿಸಿ.

ಸ್ಮಾರಕ ಇಲ್ಲದ ಜಾಗಗಳು

ಇಷ್ಟೆಲ್ಲ ಸುತ್ತಿದ ಮೇಲೆ ನನಗೆ ಒಂದು ವಿಷಯ ಕಾಡತೊಡಗಿತು. ಪ್ರತಿಮೆ, ಮ್ಯೂಸಿಯಂ ಎಲ್ಲ ಅಧಿಕಾರಿಗಳದ್ದು. ಕೊಡಗಿನಿಂದ ಸೇನೆಗೆ ಹೋದವರಲ್ಲಿ ಜಾಸ್ತಿ ಮಂದಿ ಜವಾನರು. ಕೊಡವರು, ಗೌಡರು, ಎಲ್ಲ ಜಾತಿ, ಎಲ್ಲ ಧರ್ಮದವರು. ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ಬಂದು ತೋಟದಲ್ಲಿ, ಗದ್ದೆಯಲ್ಲಿ ದುಡಿಯುತ್ತಿದ್ದಾರೆ. ಕೆಲವರು ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ಕಾವಲು ಕೂತಿದ್ದಾರೆ. ಅವರಿಗೆ ಸ್ಮಾರಕ ಎಲ್ಲಿದೆ?

ಕೊಡವ ಮನೆತನಗಳ ಮೂಲ ಮನೆಗಳಾದ ಐನ್‌ಮನೆಗಳಿಗೆ ಹೋದರೆ ಅದು ಗೋಡೆಯ ಮೇಲಿದೆ. ಯೂನಿಫಾರಂ ಹಾಕಿದ ಅಜ್ಜಂದಿರ ಫೋಟೋಗಳು ಸಾಲಾಗಿ ತೂಗಾಡುತ್ತವೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವಾಗ ಆ ಅಜ್ಜಂದಿರನ್ನೂ ನೆನೆಯುತ್ತಾರೆ. ನಿಮಗೆ ಅಂಥ ಮನೆಯವರ ಪರಿಚಯ ಇದ್ದು, ಅವರು ಕರೆದರೆ ಮಾತ್ರ ಹೋಗಿ. ಹೋದರೆ ಒಂದು ಫೋಟೋದ ಕಡೆ ಕೈ ತೋರಿಸಿ "ಇವರು ಯಾರು?" ಅಂತ ಕೇಳಿ. ಆ ಸಂಜೆ ಬೇರೇನೂ ಬೇಕಾಗುವುದಿಲ್ಲ.

ಪರಿಚಯ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ನಿಮ್ಮ ಮನೆಯ ಮಾಜಿ ಸೈನಿಕರು ಹೇಗಿದ್ದರೂ ಮಡಿಕೇರಿಗೆ ಬರುತ್ತಾರೆ. ತಿಂಗಳಿಗೊಮ್ಮೆ ಮಿಲಿಟರಿ ಕ್ಯಾಂಟೀನಿಗೆ. ಶುಗರ್, ಬಿಪಿ ಮಾತ್ರೆಗೆ ಮಾಜಿ ಸೈನಿಕರ ಆಸ್ಪತ್ರೆಯಾದ ಇಸಿಎಚ್‌ಎಸ್‌ಗೆ. ನವೆಂಬರ್‌ನಲ್ಲಿ ಪೆನ್ಷನ್ನಿನ ಜೀವಂತ ಪ್ರಮಾಣ ಪತ್ರದ ಕೆಲಸಕ್ಕೆ. ಬೇರೆ ದಿನ ಗೊತ್ತು ಮಾಡುವ ಬದಲು ಆ ದಿನವೇ ಜೊತೆಗೆ ಹೋಗಿ. ಬ್ಯಾಗು ನೀವು ಹಿಡಿದುಕೊಳ್ಳಿ. ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗ ಅಕ್ಕಪಕ್ಕ ನಡೆಯುವ ಮಾತು ಕೇಳಿಸಿಕೊಳ್ಳಿ. ಒಬ್ಬರು ಸಿಯಾಚಿನ್ ಅನ್ನುತ್ತಾರೆ, ಇನ್ನೊಬ್ಬರು ಶ್ರೀಲಂಕಾ ಅನ್ನುತ್ತಾರೆ, ಹಿಂದಿಯೂ ಕನ್ನಡವೂ ಕೊಡವ ತಕ್ಕೂ ಕಲಸಿಕೊಂಡಿರುತ್ತದೆ. ಕೆಲಸ ಮುಗಿದ ಮೇಲೆ ಸನ್ನಿಸೈಡಿಗೆ ಒಂದು ಗಂಟೆ ಹೋಗಿ ಬನ್ನಿ. ನಾವು ಈಗ ಮಾಡುವುದು ಹೀಗೇ. ಸಮಾರಂಭದ ದಿನಕ್ಕಿಂತ ಇದು ಅವರಿಗೆ ಸಲೀಸು.

ದುಡ್ಡಿನಲ್ಲಿ ಏನಾದರೂ ಮಾಡಬೇಕು ಅನ್ನಿಸಿದರೆ ಡಿಸೆಂಬರ್ 7 ಧ್ವಜ ದಿನ. ಆ ಹಣ ಹುತಾತ್ಮರ ಮನೆಯವರಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಹೇಗೆ ಕೊಡುವುದು ಅಂತ ತಿಳಿಸುತ್ತಾರೆ.

ಹೋಗುವ ಮುಂಚಿನ ರಾತ್ರಿ ಒಂದು ಕೆಲಸ ಮಾಡಿ. ಪದಕಗಳನ್ನು ಹಾಕಿಕೊಳ್ಳುತ್ತೀರಾ ಅಂತ ಅವರನ್ನೇ ಕೇಳಿ. ನೀವಾಗಿ ತೆಗೆದಿಡಬೇಡಿ, ಒತ್ತಾಯವೂ ಬೇಡ. ಹೋದ ಡಿಸೆಂಬರ್ 16ರ ಹಿಂದಿನ ದಿನ ನಾನು ಕೇಳಿದಾಗ ದೊಡ್ಡಪ್ಪ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಟ್ರಂಕು ತೆರೆದಿತ್ತು. ಜಗಲಿಯಲ್ಲಿ ಕೂತು ಬ್ರಾಸೋ ಹಚ್ಚಿ ಉಜ್ಜುತ್ತಿದ್ದರು.